ಒಂದೇ ಸಿನಿಮಾ, ಎರಡು ಕೊನೆ: ಕಲಬುರಗಿಯ ಫಿಲ್ಮ್ ಕ್ಲಬ್ಬಿಗೆ ಒಂದು ಸಂಜೆಯ ತಯಾರಿ

ಬ್ರಿಟಿಷ್ ಸಿನಿಮಾಗಳ ಕೊನೆ ಯಾಕೆ ಅಷ್ಟು ಕರಾಳ, ಅಮೆರಿಕದವು ಯಾಕೆ ಸುಖಾಂತ ಅಂತ ಕೇಳಿದರೆ 'ಅಲ್ಲಿ ಮಳೆ ಜಾಸ್ತಿ ನೋಡ್ರಿ' ಅನ್ನುವವರು ಇದ್ದೇ ಇರುತ್ತಾರೆ. ಹವಾಮಾನವೇ ಕಾರಣವಾಗಿದ್ದರೆ ಕಲಬುರಗಿಯ ಮೇ ಬಿಸಿಲಿಗೆ ನಾವು ಬರೀ ದುರಂತ ನಾಟಕ ಆಡಬೇಕಿತ್ತು. ಕೊನೆಯ ರೀಲಿಗೆ ಕತ್ತರಿ ಹಾಕುವ ಹಕ್ಕು ಯಾರದು ಎನ್ನುವುದನ್ನು ಕೇಳಬೇಕು.

ಎರಡು ಬೇರೆಬೇರೆ ಸಿನಿಮಾ ಹೋಲಿಸಬೇಡಿ, ಮಾತು ನಟರ ಕಡೆ ಜಾರುತ್ತದೆ. ಒಂದೇ ಸಿನಿಮಾದ ಎರಡು ಪ್ರತಿ ತನ್ನಿ. ಗುಹೆಯಲ್ಲಿ ಸಿಕ್ಕಿಬಿದ್ದ ಹೆಂಗಸರ ಬ್ರಿಟಿಷ್ ಹಾರರ್ ಚಿತ್ರ 'ದಿ ಡಿಸೆಂಟ್' (2005) ಇದಕ್ಕೆ ಹೇಳಿ ಮಾಡಿಸಿದ್ದು. ಬ್ರಿಟನ್ನಿನ ಪ್ರತಿಯಲ್ಲಿ ನಾಯಕಿ ಸಾರಾ ಗುಹೆಯಿಂದ ಪಾರಾಗಿ ಕಾರು ಹತ್ತಿದ್ದೆಲ್ಲ ಭ್ರಮೆ, ಎಚ್ಚರವಾದಾಗ ಇನ್ನೂ ಗುಹೆಯಲ್ಲೇ ಇದ್ದಾಳೆ. 2006ರಲ್ಲಿ ಅಮೆರಿಕಕ್ಕೆ ಹೋದಾಗ ಕೊನೆಯ ಸುಮಾರು ಒಂದು ನಿಮಿಷ ಕತ್ತರಿಸಲಾಯಿತು, ಕಥೆ ಕಾರಿನಲ್ಲೇ ನಿಂತಿತು. ರಕ್ತ ಜಾಸ್ತಿ, ಹದಿನೆಂಟು ತುಂಬದವರನ್ನು ಕೂರಿಸಬೇಡಿ.

ಪ್ರತಿ ತಂದ ದಿನವೇ ಎರಡರ ಕೊನೆಯ ಐದು ನಿಮಿಷ ಓಡಿಸಿ ನೋಡಿ. ಹೆಸರು ಒಂದೇ ಆದ್ದರಿಂದ ಎರಡೂ ಅಮೆರಿಕದವೇ ಬಂದಿರಬಹುದು. ಡಿವಿಡಿ ಕೊಂಡ ಮಾತ್ರಕ್ಕೆ ಸಾರ್ವಜನಿಕವಾಗಿ ತೋರಿಸುವ ಹಕ್ಕು ಸಿಗುವುದಿಲ್ಲ, ಲಿಖಿತ ಅನುಮತಿ ಮೊದಲೇ ಪಡೆಯಿರಿ. ಬೇಸಿಗೆಯಲ್ಲಿ ಏಳೂವರೆಗೆ ಮುಂಚೆ ಶುರು ಮಾಡಿದರೆ ಕಿಟಕಿಯ ಬೆಳಕಿಗೆ ಗುಹೆಯ ದೃಶ್ಯ ಏನೂ ಕಾಣುವುದಿಲ್ಲ. ಪ್ರೊಜೆಕ್ಟರನ್ನು ಯುಪಿಎಸ್‌ಗೆ ಹಾಕಿ: ಕರೆಂಟ್ ಥಟ್ಟನೆ ಹೋದರೆ ಒಳಗಿನ ಫ್ಯಾನೂ ನಿಂತು, ತಣಿಯದ ಲ್ಯಾಂಪಿನ ಆಯಸ್ಸು ಕಡಿಮೆಯಾಗುತ್ತದೆ. ಸಬ್‌ಟೈಟಲ್ ಹಾಕಿ, ಹಿಂದಿನ ಸಾಲಿನಲ್ಲಿ ಕೂತು ಓದಲು ಬರುತ್ತದೆಯೇ ನೋಡಿ.

ಸಾರಾ ಕಾರು ತಲುಪುತ್ತಲೇ ಸಿನಿಮಾ ನಿಲ್ಲಿಸಿ ಚೀಟಿ ಹಂಚಿ. ಮುಂದೇನಾಗುತ್ತದೆ, ಏನಾಗಬೇಕು ಎಂದು ಒಂದೊಂದು ಸಾಲು ಬರೆಸಿ. ಎರಡೂ ಒಂದೇ ಪ್ರಶ್ನೆಯಲ್ಲ. ಮಂದಿ ಬಯಸುವುದು ಒಂದು, ನಂಬುವುದು ಇನ್ನೊಂದು. ಆಮೇಲೆ ಮೊದಲು ಅಮೆರಿಕದ ಕೊನೆ, ನಂತರ ಬ್ರಿಟನ್ನಿನದು. ತಿರುಗಿಸಿದರೆ ಅಮೆರಿಕದ್ದು ಬರೀ ತುಂಡಾದ ರೀಲಿನ ಹಾಗೆ ಕಾಣುತ್ತದೆ.

ಚೀಟಿ ಹಿಡಿದುಕೊಂಡೇ ಕಾರಣಕ್ಕೆ ಬನ್ನಿ. ಹಾಲಿವುಡ್ ಸ್ಟುಡಿಯೋಗಳು ಬಿಡುಗಡೆಗೆ ಮುಂಚೆ ಪ್ರೇಕ್ಷಕರಿಗೆ ತೋರಿಸಿ ಇಂಥದೇ ಚೀಟಿ ತುಂಬಿಸುತ್ತವೆ. 'ಫೇಟಲ್ ಅಟ್ರಾಕ್ಷನ್' (1987) ಕೊನೆ ಹಾಗೆಯೇ ಬದಲಾಯಿತು. ಕೋಟಿಗಟ್ಟಲೆ ಡಾಲರ್ ಹಾಕಿದವರಿಗೆ ಎಲ್ಲ ಊರಿನ ಪ್ರೇಕ್ಷಕರೂ ಬೇಕು. ಬ್ರಿಟನ್ನಿನಲ್ಲಿ ಬಜೆಟ್ ಚಿಕ್ಕದು. ಬಿಬಿಸಿಯ ದುಡ್ಡು, 1982ರಿಂದ ಚಾನೆಲ್ 4 ಎಂಬ ಟಿವಿ ವಾಹಿನಿಯ ದುಡ್ಡು ಸೇರಿ, ನಿರ್ದೇಶಕರ ಮಾತಿಗೆ ಬೆಲೆ ಹೆಚ್ಚು. ಅದಕ್ಕೂ ಮುಂಚೆ, ಕಾರ್ಮಿಕರ ಬದುಕನ್ನು ಇದ್ದಂತೆ ತೋರಿಸಿದ ಅರವತ್ತರ ದಶಕದ ಪರಂಪರೆಯಿದೆ: 'ಕೆಸ್' (1969) ಹುಡುಗ ಸಾಕಿದ ಹಕ್ಕಿಯ ಸಾವಿನಲ್ಲೇ ಮುಗಿಯುತ್ತದೆ.

ಯಾರಾದರೂ 'ಚೈನಾಟೌನ್' (1974) ಅಮೆರಿಕದ್ದಲ್ಲವೇ ಎಂದರೆ ಹೌದೆನ್ನಿ. ಚಿತ್ರಕಥೆಗಾರನ ಕೊನೆಯನ್ನು ಬದಲಿಸಿ ಕರಾಳ ಮಾಡಿದ್ದು ನಿರ್ದೇಶಕ. ಕತ್ತರಿ ಯಾರ ಕೈಯಲ್ಲಿದೆ ಎನ್ನುವ ನಮ್ಮ ವಾದಕ್ಕೆ ಬಲವೇ ಬಂತು. '28 ಡೇಸ್ ಲೇಟರ್' (2002) ಸ್ವಲ್ಪ ತೊಡಕಿನದು. ಬ್ರಿಟಿಷ್ ಚಿತ್ರ, ನಾಯಕ ಸಾಯುವ ಕೊನೆಯನ್ನು ಚಿತ್ರಿಸಿಯೂ ಕೈಬಿಟ್ಟು ಆಶಾದಾಯಕ ಕೊನೆಯೊಂದಿಗೆ ಬಿಡುಗಡೆಯಾಯಿತು. ಕೈಬಿಟ್ಟ ಆ ಕೊನೆಯನ್ನು 2003ರಲ್ಲಿ ಸಿನಿಮಾ ಮುಗಿದು ಹೆಸರುಗಳ ಪಟ್ಟಿ ಬಂದ ನಂತರ ಜೋಡಿಸಿ ತೋರಿಸಿದ್ದು ಅಮೆರಿಕದ ಥಿಯೇಟರುಗಳಲ್ಲಿ.