ಕಡಲ ಜೀವಶಾಸ್ತ್ರದಲ್ಲಿ ಪಿಎಚ್‌ಡಿ: ಮೊದಲು ಪ್ರಶ್ನೆ, ಕೊನೆಗೆ ವಿಶ್ವವಿದ್ಯಾಲಯ

ಡಾಲ್ಫಿನ್ ಇಷ್ಟ, ಅದಕ್ಕೇ ಕಡಲ ಜೀವಶಾಸ್ತ್ರ ಓದಬೇಕು ಅನ್ನುವವರು ತುಂಬ ಜನ. ತಪ್ಪೇನಿಲ್ಲ. ಆದರೆ ಈ ವಿಷಯದಲ್ಲಿ ಪಿಎಚ್‌ಡಿಗೆ ಸೇರಿದವರ ದಿನಚರಿ ನೋಡಿದರೆ ಡಾಲ್ಫಿನ್ ಕಾಣುವುದು ಅಪರೂಪ. ಒಬ್ಬರು ಮೈಕ್ರೋಸ್ಕೋಪಿನಡಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳನ್ನು ಎಣಿಸುತ್ತಿರುತ್ತಾರೆ. ಇನ್ನೊಬ್ಬರು ಕೆಸರಿನಿಂದ ಬ್ಯಾಕ್ಟೀರಿಯಾದ ಡಿಎನ್‌ಎ ತೆಗೆಯುತ್ತಿರುತ್ತಾರೆ. ಮತ್ತೊಬ್ಬರು ಕಂಪ್ಯೂಟರ್ ಮುಂದೆ ಕೂತು ಯಾರೋ ಹಿಂದೆ ಬರೆದಿಟ್ಟ ಮೀನಿನ ಲೆಕ್ಕ ಜಾಲಾಡುತ್ತಿರುತ್ತಾರೆ. ಕಡಲಿಗೆ ಇಳಿಯುವ ದಿನ ಕಡಿಮೆ, ತಂದದ್ದನ್ನು ನೋಡುತ್ತಾ ಕೂರುವ ದಿನ ಜಾಸ್ತಿ. ಇಷ್ಟು ಕೇಳಿದ ಮೇಲೂ ಆಸೆ ಉಳಿದಿದೆಯಾ? ಹಾಗಾದರೆ ಮುಂದೆ ಓದಿ.

ಸಾಮಾನ್ಯವಾಗಿ ಎಲ್ಲರೂ ಮೊದಲು ಕೇಳುವುದು ಯಾವ ವಿಶ್ವವಿದ್ಯಾಲಯ ಒಳ್ಳೆಯದು ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಮಾತು. ಮೊದಲು ಪ್ರಶ್ನೆ ಸಿಗಬೇಕು, ಆಮೇಲೆ ಗೈಡ್, ಆಮೇಲೆ ದುಡ್ಡಿನ ದಾರಿ. ಈ ಮೂರೂ ಕೂಡಿಬಂದ ಕಡೆ ಇರುವ ವಿಶ್ವವಿದ್ಯಾಲಯವೇ ನಿಮಗೆ ಒಳ್ಳೆಯ ವಿಶ್ವವಿದ್ಯಾಲಯ.

ಪ್ರಶ್ನೆಯನ್ನು ಹಿಡಿಯುವುದು

"ನನಗೆ ಹವಳದ ಮೇಲೆ ಕೆಲಸ ಮಾಡಬೇಕು" ಅನ್ನುವುದು ಆಸೆ, ಪ್ರಶ್ನೆ ಅಲ್ಲ. "ನೀರು ಎರಡು ಡಿಗ್ರಿ ಬಿಸಿಯಾದರೆ ಈ ಜಾತಿಯ ಹವಳದ ಮರಿಗಳು ಬಂಡೆಗೆ ಅಂಟಿಕೊಳ್ಳುವುದು ಕಡಿಮೆಯಾಗುತ್ತದಾ?" ಇದು ಪ್ರಶ್ನೆ. ಯಾವ ಜೀವಿ, ಏನನ್ನು ಅಳೆಯಬೇಕು, ಯಾವ ಸಲಕರಣೆ ಬೇಕು ಎಲ್ಲವೂ ಅದರೊಳಗೇ ಇದೆ.

ಪ್ರಶ್ನೆ ಆರಿಸುವಾಗ ಜೀವಿಯ ಕ್ಯಾಲೆಂಡರ್ ನೋಡಲೇಬೇಕು. 1980ರ ದಶಕದ ಶುರುವಿನಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಒಂದು ದೊಡ್ಡ ವಿಷಯ ಬೆಳಕಿಗೆ ಬಂತು. ಅಲ್ಲಿ ನೂರಕ್ಕೂ ಹೆಚ್ಚು ಜಾತಿಯ ಹವಳಗಳು ವರ್ಷಕ್ಕೊಮ್ಮೆ, ಹುಣ್ಣಿಮೆ ಕಳೆದ ಕೆಲವೇ ರಾತ್ರಿಗಳಲ್ಲಿ, ಒಟ್ಟೊಟ್ಟಿಗೆ ಮೊಟ್ಟೆ ಮತ್ತು ವೀರ್ಯವನ್ನು ನೀರಿಗೆ ಬಿಡುತ್ತವೆ. ಇದನ್ನು ಕಂಡುಹಿಡಿದ ತಂಡದಲ್ಲಿ ಮುಖ್ಯವಾಗಿ ಇದ್ದವರು ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಪಿಎಚ್‌ಡಿ ವಿದ್ಯಾರ್ಥಿಗಳು. 1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರ ಲೇಖನ ಬಂತು. ವಿದ್ಯಾರ್ಥಿಯಾಗಿದ್ದಾಗಲೇ ಇಂಥದ್ದು ಕೈಗೆ ಸಿಗಬಹುದು ಅನ್ನುವುದಕ್ಕೆ ಒಳ್ಳೆಯ ಉದಾಹರಣೆ. ಅದೇ ಉದಾಹರಣೆಯನ್ನು ತಿರುಗಿಸಿ ನೋಡಿ. ಆ ಕೆಲವು ರಾತ್ರಿ ಬಿರುಗಾಳಿ ಬಂದು ದೋಣಿ ಹೊರಡದಿದ್ದರೆ ಮುಂದಿನ ವರ್ಷದವರೆಗೆ ಕಾಯಬೇಕು. ನಾಲ್ಕು ವರ್ಷದ ಪಿಎಚ್‌ಡಿಯಲ್ಲಿ ಅಂಥ ಅವಕಾಶ ಮೂರೋ ನಾಲ್ಕೋ ಸಿಕ್ಕರೆ ಹೆಚ್ಚು.

ಅದಕ್ಕೇ ಥೀಸಿಸ್ಸಿನ ಒಂದು ಅಧ್ಯಾಯವಾದರೂ ಕಡಲಿನ ಹಂಗಿಲ್ಲದೆ ಮುಗಿಯುವಂತಿರಲಿ. ಮ್ಯೂಸಿಯಂ ಬಾಟಲಿಗಳಲ್ಲಿರುವ ಹಳೆಯ ಮಾದರಿಗಳು, ಜೀನ್‌ಬ್ಯಾಂಕ್ ಅನ್ನುವ ಆನ್‌ಲೈನ್ ಭಂಡಾರದಲ್ಲಿರುವ ಡಿಎನ್‌ಎ ಮಾಹಿತಿ, ಯಾವ ಕಡಲ ಜೀವಿ ಎಲ್ಲಿ ಸಿಕ್ಕಿತು ಅನ್ನುವ ಓಬಿಸ್ ಡೇಟಾಬೇಸ್‌ನ ದಾಖಲೆಗಳು, ಇವೆಲ್ಲ ಯಾರು ಬೇಕಾದರೂ ಬಳಸಬಹುದಾದ ಸರಕು. ಮಳೆಗಾಲವೂ ಅಡ್ಡಿಯಿಲ್ಲ, ದೋಣಿ ಬಾಡಿಗೆಯೂ ಇಲ್ಲ.

ಯಾವ ಡಿಗ್ರಿ ಬೇಕು

ಇದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಬ್ಯಾಚುಲರ್ ಡಿಗ್ರಿ ಮುಗಿಸಿ ನೇರವಾಗಿ ಪಿಎಚ್‌ಡಿಗೆ ಸೇರಬಹುದು. ಆದರೆ ಮೊದಲ ಒಂದೆರಡು ವರ್ಷ ಕ್ಲಾಸು, ಆಮೇಲೆ ಅರ್ಹತಾ ಪರೀಕ್ಷೆ, ಒಟ್ಟು ಐದಾರು ವರ್ಷ ಹಿಡಿಯುತ್ತದೆ. ಬ್ರಿಟನ್ನಿನಲ್ಲಿ ಮೊದಲ ದಿನದಿಂದಲೇ ಸಂಶೋಧನೆ, ಮೂರರಿಂದ ನಾಲ್ಕು ವರ್ಷ. ಜರ್ಮನಿ, ನಾರ್ವೆ, ಸ್ವೀಡನ್ ಕಡೆ ಸಾಮಾನ್ಯವಾಗಿ ಮಾಸ್ಟರ್ಸ್ ಆಗಿರಬೇಕು. ಅಲ್ಲಿ ಎಷ್ಟೋ ಪಿಎಚ್‌ಡಿ ಸೀಟುಗಳು ಸಂಬಳದ ನೌಕರಿಯ ಹಾಗೆ ಜಾಹೀರಾತಿನಲ್ಲಿ ಬರುತ್ತವೆ, ಅರ್ಜಿ ಹಾಕಿ ಸಂದರ್ಶನಕ್ಕೆ ಹೋಗಬೇಕು.

ಹಿಂದಿನ ಡಿಗ್ರಿ 'ಕಡಲ ಜೀವಶಾಸ್ತ್ರ'ವೇ ಆಗಿರಬೇಕು ಅಂತೇನಿಲ್ಲ. ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ರಸಾಯನಶಾಸ್ತ್ರ ಓದಿದವರೂ ಬರುತ್ತಾರೆ. ಆದರೆ ಸಂಖ್ಯಾಶಾಸ್ತ್ರಕ್ಕೆ ಹೆದರಿ ಜೀವಶಾಸ್ತ್ರಕ್ಕೆ ಬಂದವರಿಗೆ ಇಲ್ಲಿ ಕಷ್ಟ. ಡೇಟಾ ಲೆಕ್ಕಕ್ಕೆ ಬಳಸುವ ಕಂಪ್ಯೂಟರ್ ಭಾಷೆಗಳಾದ ಆರ್ ಅಥವಾ ಪೈಥಾನ್, ಎರಡರಲ್ಲಿ ಒಂದನ್ನು ಸೇರುವ ಮೊದಲೇ ಕಲಿತುಬಿಡಿ.

ಈಜು, ಡೈವಿಂಗ್ ಬರಲೇಬೇಕಾ? ನಿಮ್ಮ ಸಂಶೋಧನೆಯ ಪ್ರಶ್ನೆಗೆ ಅದು ಬೇಕಿದ್ದರೆ ಮಾತ್ರ. ನೀರಿನಡಿ ಕೆಲಸ ಮಾಡಬೇಕಿದ್ದರೆ ಪ್ರವಾಸಿಗರ ಡೈವಿಂಗ್ ಸರ್ಟಿಫಿಕೇಟ್ ಸಾಲುವುದಿಲ್ಲ. ಅಮೆರಿಕದ ವೈಜ್ಞಾನಿಕ ಡೈವರ್‌ಗಳ ಸಂಸ್ಥೆಯ ನಿಯಮದಂತೆ 100 ಗಂಟೆಯ ತರಬೇತಿ, 12 ಡೈವ್ ಆಗಬೇಕು.

ಗೈಡ್‌ಗೆ ಬರೆಯುವ ಮೇಲ್

ನಿಮ್ಮ ಪ್ರಶ್ನೆಗೆ ಹತ್ತಿರದ ಲೇಖನಗಳನ್ನು ಓದುತ್ತಾ ಹೋದರೆ ಕೆಲವು ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಅವರೇ ನಿಮ್ಮ ಪಟ್ಟಿ. "ಚಿಕ್ಕಂದಿನಿಂದಲೂ ಕಡಲೆಂದರೆ ನನಗೆ ಪ್ರಾಣ" ಅಂತ ಶುರುವಾಗುವ ಮೇಲ್‌ಗಳು ಅವರಿಗೆ ಬೇಕಾದಷ್ಟು ಬಂದಿರುತ್ತವೆ. ಹೀಗೆ ಬರೆದು ನೋಡಿ: "ಕಪ್ಪೆಚಿಪ್ಪಿನ ಮರಿಗಳ ಬಗ್ಗೆ ನಿಮ್ಮ ಲೇಖನ ಓದಿದೆ. ಅದರಲ್ಲಿ ಉಪ್ಪಿನಂಶ ಒಂದೇ ಮಟ್ಟದಲ್ಲಿತ್ತು. ನದಿ ಸೇರುವ ಅಳಿವೆಯಲ್ಲಿ ಅದು ದಿನಕ್ಕೆರಡು ಸಲ ಏರಿಳಿಯುತ್ತದಲ್ಲ, ಅಲ್ಲೂ ಇದೇ ಫಲಿತಾಂಶ ಬರುತ್ತದೆಯೇ ಎಂದು ನೋಡುವ ಆಸೆ ಇದೆ. ಮುಂದಿನ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ?" ಜೊತೆಗೆ ಎರಡು ಪುಟದ ಬಯೋಡೇಟಾ. ಅಷ್ಟು ಸಾಕು. ಎರಡು ವಾರ ಉತ್ತರ ಬರದಿದ್ದರೆ ಒಂದೇ ಒಂದು ಸಲ ನೆನಪಿಸಿ.

ಗೈಡ್ ಒಪ್ಪಿದರು ಅಂತ ತಕ್ಷಣ ಕುಣಿಯಬೇಡಿ. ಅವರ ಲ್ಯಾಬಿನಲ್ಲಿ ಈಗ ಇರುವ ವಿದ್ಯಾರ್ಥಿಗಳ ಜೊತೆ ಮಾತಾಡಿ. ಇಲ್ಲಿ ಥೀಸಿಸ್ ಮುಗಿಯಲು ನಿಜಕ್ಕೂ ಎಷ್ಟು ವರ್ಷ ಹಿಡಿಯುತ್ತದೆ? ಬರೆದದ್ದನ್ನು ಎಷ್ಟು ದಿನದಲ್ಲಿ ಓದಿ ಕೊಡುತ್ತಾರೆ? ದೋಣಿಯ ಖರ್ಚು ಯಾರದು? ಅರ್ಧಕ್ಕೆ ಬಿಟ್ಟುಹೋದವರು ಇದ್ದಾರಾ, ಯಾಕೆ? ಕೊನೆಯ ಪ್ರಶ್ನೆಗೆ ಬಂದಾಗ ಅವರು ಎಷ್ಟು ಹೊತ್ತು ಸುಮ್ಮನಿದ್ದರು ಅನ್ನುವುದೂ ಉತ್ತರವೇ.

ದುಡ್ಡಿನ ಬಗ್ಗೆ ನಾನು ಹೇಳುವುದು ಇಷ್ಟೇ. ಸ್ಟೈಪೆಂಡ್, ಫೆಲೋಶಿಪ್ ಇಲ್ಲದೆ ಕೈಯಿಂದ ಹಾಕಿಕೊಂಡು ಈ ಪಿಎಚ್‌ಡಿ ಮಾಡಬೇಡಿ. ನಿಮ್ಮ ಖರ್ಚಿನ ಜೊತೆಗೆ ಸಂಶೋಧನೆಗೂ ಬೇರೆ ಹಣ ಬೇಕು. ಸಂಶೋಧನಾ ಹಡಗಿನ ಒಂದೊಂದು ದಿನವೂ ದುಬಾರಿ. ಒಬ್ಬ ವಿದ್ಯಾರ್ಥಿಗೋಸ್ಕರ ಹಡಗು ಹೊರಡುವುದಿಲ್ಲ, ಬೇರೆಯವರ ಯಾನದಲ್ಲಿ ಒಂದು ಜಾಗ ಗಿಟ್ಟಿಸಬೇಕು.

ಇನ್ನೊಂದು ವಿಷಯ. ಡಿಗ್ರಿ ಕೊಡುವ ಜಾಗ ಮತ್ತು ಕೆಲಸ ಮಾಡುವ ಜಾಗ ಒಂದೇ ಆಗಿರಬೇಕಿಲ್ಲ. ಇಟಲಿಯ ನೇಪಲ್ಸ್, ಫ್ರಾನ್ಸಿನ ರೊಸ್ಕೋಫ್ ಕಡಲ ಕೇಂದ್ರಗಳು ಎರಡೂ ಶುರುವಾದದ್ದು 1872ರಲ್ಲಿ. ಸಂಶೋಧಕರು ಹೊರಗಿನಿಂದ ಬಂದು ಅಲ್ಲಿ ಕೆಲಸ ಮಾಡುವ ಪದ್ಧತಿ ಅಷ್ಟು ಹಳೆಯದು. ಅಮೆರಿಕದ ಎಂಐಟಿ ಮತ್ತು ವುಡ್ಸ್ ಹೋಲ್ ಓಷನೋಗ್ರಾಫಿಕ್ ಸಂಸ್ಥೆ ಸೇರಿ 1968ರಿಂದ ಜಂಟಿ ಡಿಗ್ರಿ ನಡೆಸುತ್ತಿವೆ.

ಸೇರಿದ ಮೇಲೆ ಮೊದಲು ಪರ್ಮಿಟ್

ಸೇರಿದ ವಾರವೇ ಅನುಮತಿ ಪತ್ರಗಳ ಕೆಲಸ ಹಚ್ಚಿಕೊಳ್ಳಿ. ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಕಲ್ಲುಹವಳಗಳಿವೆ. ಸತ್ತ ತುಂಡನ್ನೂ ಕಾಗದವಿಲ್ಲದೆ ಗಡಿ ದಾಟಿಸುವ ಹಾಗಿಲ್ಲ. ಬೇರೆ ದೇಶದ ಜೀವಿಯ ಡಿಎನ್‌ಎ ಮೇಲೆ ಕೆಲಸ ಮಾಡುವುದಾದರೆ 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದ (ಜೈವಿಕ ಸಂಪತ್ತಿನ ಬಳಕೆ ಮತ್ತು ಅದರ ಲಾಭದ ಹಂಚಿಕೆ ಕುರಿತದ್ದು) ಅನ್ವಯಿಸಬಹುದು. ಮೀನಿನ ಮೇಲೆ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕಾಗುತ್ತದೆ. ಯುರೋಪಿನಲ್ಲಿ ಆಕ್ಟೋಪಸ್, ಸ್ಕ್ವಿಡ್‌ಗಳಿಗೂ ಇದೇ ನಿಯಮ. ಇವಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ.

ದಡದ ಮೇಲೆ, ದೋಣಿಯೊಳಗೆ

ದಡದ ಬಂಡೆಗಳ ಮೇಲೆ ಕೆಲಸವಾದರೆ ನಿಮ್ಮ ಗಡಿಯಾರ ಇಳಿತದ್ದು. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನೀರು ತುಂಬಾ ಕೆಳಗೆ ಇಳಿಯುವುದು ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ. ಅದು ನಡುರಾತ್ರಿಯಾದರೆ ನಡುರಾತ್ರಿಯೇ ಹೋಗಬೇಕು.

ಪ್ಲ್ಯಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಹಿಡಿಯುವ ಬಲೆ ಮೇಲೆ ಬಂದ ತಕ್ಷಣ ಸ್ಯಾಂಪಲ್ಲನ್ನು ಎರಡು ಪಾಲು ಮಾಡಿ. ಆಕಾರ ನೋಡಿ ಗುರುತಿಸುವ ಪಾಲು ಫಾರ್ಮಲಿನ್‌ಗೆ. ಅದಕ್ಕೆ ಬೋರಾಕ್ಸ್ ಬೆರೆಸಿರಬೇಕು, ಇಲ್ಲದಿದ್ದರೆ ಅದರ ಆಮ್ಲಕ್ಕೆ ಮರಿಗಳ ಎಳೆಯ ಚಿಪ್ಪು ಕರಗಿಹೋಗುತ್ತದೆ. ಡಿಎನ್‌ಎ ತೆಗೆಯುವ ಪಾಲಿಗೆ ಫಾರ್ಮಲಿನ್ ಸೋಕಲೇಬಾರದು, ಅದು 95 ಪರ್ಸೆಂಟ್ ಆಲ್ಕೋಹಾಲಿಗೆ. ಮರುದಿನ ಆಲ್ಕೋಹಾಲ್ ಬದಲಿಸಿ, ಯಾಕೆಂದರೆ ಜೀವಿಗಳ ಮೈಯ ನೀರು ಸೇರಿ ಅದು ತೆಳುವಾಗಿರುತ್ತದೆ. ಇನ್ನು ಲೇಬಲ್. ಬಾಟಲಿಯ ಮೇಲೆ ಮಾರ್ಕರ್‌ನಲ್ಲಿ ಬರೆದರೆ ಒಂದು ಹನಿ ಆಲ್ಕೋಹಾಲಿಗೆ ಅಳಿಸಿಹೋಗುತ್ತದೆ. ಮುಚ್ಚಳದ ಮೇಲೆ ಬರೆದರೆ ಮುಚ್ಚಳ ಅದಲುಬದಲಾಗುತ್ತದೆ. ನೀರಿಗೆ ಹರಿಯದ ಕಾಗದದಲ್ಲಿ ಪೆನ್ಸಿಲ್‌ನಿಂದ ದಿನ, ಜಾಗ, ಆಳ ಬರೆದು ಬಾಟಲಿಯ ಒಳಗೇ ಹಾಕಿ. ಇಷ್ಟೆಲ್ಲ ಸಲಕರಣೆಯ ನಡುವೆ ಪೆನ್ಸಿಲ್ಲಿನ ಜಾಗವನ್ನು ಇನ್ನೂ ಯಾರೂ ಕಸಿದುಕೊಂಡಿಲ್ಲ!

ಲ್ಯಾಬ್ ಪ್ರಯೋಗದಲ್ಲಿ ಎಡವುವ ಜಾಗ ಬೇರೆ. ಬಿಸಿನೀರಿನ ಒಂದು ತೊಟ್ಟಿಯಲ್ಲಿ 30 ಹವಳ, ತಣ್ಣೀರಿನ ಒಂದು ತೊಟ್ಟಿಯಲ್ಲಿ 30 ಹವಳ ಇಟ್ಟರೆ ನಿಮ್ಮ ಕೈಲಿರುವುದು 30 ಪ್ರಯೋಗಗಳಲ್ಲ, ಒಂದೊಂದೇ. ಆ ಒಂದು ತೊಟ್ಟಿಗೆ ರೋಗ ಬಂದಿತ್ತೋ, ಪಂಪು ಕೆಟ್ಟಿತ್ತೋ, ಬಿಸಿಯೇ ಕಾರಣವೋ ಹೇಳಲು ಬರುವುದಿಲ್ಲ. 1984ರಲ್ಲಿ ಸ್ಟುವರ್ಟ್ ಹರ್ಲ್‌ಬರ್ಟ್ ಎಂಬ ವಿಜ್ಞಾನಿ ಇದನ್ನು 'ಸೂಡೋರೆಪ್ಲಿಕೇಶನ್' (ಹುಸಿ ಪುನರಾವರ್ತನೆ) ಎಂದು ಕರೆದು ಬಿಡಿಸಿ ತೋರಿಸಿದರು. ಆದರೂ ಇವತ್ತಿಗೂ ಜರ್ನಲ್‌ಗಳಿಂದ ಲೇಖನ ವಾಪಸ್ ಬರಲು ಇದು ಕಾರಣವಾಗುತ್ತದೆ. ತೊಟ್ಟಿಗಳ ಸಂಖ್ಯೆ ಹೆಚ್ಚಿಸಿ, ತೊಟ್ಟಿಯೊಳಗಿನ ಹವಳಗಳದ್ದಲ್ಲ. ಪ್ರಯೋಗ ಶುರುವಾಗುವ ಮೊದಲೇ ಲೆಕ್ಕ ಗೊತ್ತಿರುವವರಿಗೆ ನಿಮ್ಮ ಯೋಜನೆ ತೋರಿಸಿ.

ಬರೆದು ಮುಗಿಸುವುದು

ಒಂದು ಅಧ್ಯಾಯ ಮುಗಿದ ಕೂಡಲೇ ಅದನ್ನು ಜರ್ನಲ್‌ಗೆ ಕಳಿಸಿ. ರಿವ್ಯೂಗೆ ತಿಂಗಳುಗಳು ಬೇಕು, ಎಲ್ಲ ಕೊನೆಗೆ ಇಟ್ಟುಕೊಂಡರೆ ಸಿಕ್ಕಿಬೀಳುತ್ತೀರಿ. ಜೀವಿಗಳ ಹೆಸರುಗಳನ್ನು ವರ್ಮ್ಸ್ (WoRMS) ಅನ್ನುವ, ಕಡಲ ಜೀವಿಗಳ ವೈಜ್ಞಾನಿಕ ಹೆಸರುಗಳ ಆನ್‌ಲೈನ್ ಪಟ್ಟಿಯಲ್ಲಿ ಮತ್ತೊಮ್ಮೆ ನೋಡಿ. ನೀವು ಶುರು ಮಾಡಿದಾಗ ಇದ್ದ ಹೆಸರು ಈಗ ಬದಲಾಗಿರಬಹುದು. ಡಿಎನ್‌ಎ ಮಾಹಿತಿ ಜೀನ್‌ಬ್ಯಾಂಕ್‌ಗೆ, ಮಾದರಿ ಜೀವಿಗಳು ಮ್ಯೂಸಿಯಮ್ಮಿಗೆ ಹೋಗಲಿ.

ವೈವಾ, ಅಂದರೆ ಥೀಸಿಸ್ಸಿನ ಮೌಖಿಕ ಪರೀಕ್ಷೆ, ಒಂದೊಂದು ಕಡೆ ಒಂದೊಂದು ತರ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಇಬ್ಬರು ಪರೀಕ್ಷಕರು ಬಾಗಿಲು ಹಾಕಿಕೊಂಡು ಪ್ರಶ್ನೆ ಕೇಳುತ್ತಾರೆ. ಸ್ವೀಡನ್ನಿನಲ್ಲಿ ಜನರೆದುರೇ ವಾದ ನಡೆಯುತ್ತದೆ, ಪ್ರಶ್ನೆ ಕೇಳಲೆಂದೇ ಹೊರಗಿನಿಂದ ಒಬ್ಬ 'ಎದುರಾಳಿ' ಬರುತ್ತಾರೆ.

ಆಮೇಲೆ ಏನು? ವಿಶ್ವವಿದ್ಯಾಲಯದ ಕಾಯಂ ಹುದ್ದೆಗಳು ಕಡಿಮೆ, ಅದಕ್ಕೆ ಕಾಯುವವರು ಜಾಸ್ತಿ. ನಡುವೆ ಒಂದೆರಡು ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ) ಆಗುವುದು ಮಾಮೂಲು. ಆದರೆ ಮೀನುಗಾರಿಕೆ ಇಲಾಖೆಗಳು, ಬಂದರು ಮತ್ತು ಗಾಳಿಯಂತ್ರ ಯೋಜನೆಗಳ ಪರಿಸರ ವರದಿ ಮಾಡುವ ಕಂಪನಿಗಳು, ಮೀನು ಸಾಕಣೆ, ಅಕ್ವೇರಿಯಂ, ಸಂರಕ್ಷಿತ ಕಡಲ ಪ್ರದೇಶಗಳ ನಿರ್ವಹಣೆ, ಹೀಗೆ ಬೇರೆ ದಾರಿಗಳೂ ಇವೆ. ಅಲ್ಲಿ ಥೀಸಿಸ್ಸಿನ ಹೆಸರಿಗಿಂತ ನಿಮಗೆ ಬರುವ ಕೆಲಸವನ್ನು ಕೇಳುತ್ತಾರೆ: ಜೀವಿ ಗುರುತಿಸುವುದು, ನಕ್ಷೆ ಮಾಡುವುದು, ದೊಡ್ಡ ಡೇಟಾ ಸಂಭಾಳಿಸುವುದು. ಥೀಸಿಸ್ ಕೊಡುವುದಕ್ಕೆ ಒಂದು ವರ್ಷ ಇದೆ ಅನ್ನುವಾಗಲೇ ಅರ್ಜಿ ಹಾಕಲು ಶುರು ಮಾಡಿ. ಸ್ಟೈಪೆಂಡ್ ನಿಲ್ಲುವ ದಿನಾಂಕವನ್ನು ಆಫೀಸಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಎಷ್ಟೋ ಸಲ ಅದು ವೈವಾ ದಿನಕ್ಕಿಂತ ಮೊದಲೇ ಬಂದಿರುತ್ತದೆ.