ರೆಡ್ ಅಲರ್ಟ್ ಮತ್ತು ಹಿತ್ತಿಲ ಧರೆ

ಹೊಸನಗರದ ಕಡೆಯವರಿಗೆ ಮಳೆಯ ಎಚ್ಚರಿಕೆ ಕೊಡುವುದೇ ಎಂದು ನಾನೂ ನಗುತ್ತಿದ್ದೆ. ಹುಲಿಕಲ್, ಮಾಸ್ತಿಕಟ್ಟೆ, ಆಗುಂಬೆಗಳ ಮಳೆ ಕಂಡವರು ನಾವು. ನಗು ನಿಂತದ್ದು ಅಡಿಕೆ ಬೇಯಿಸುವ ಒಲೆಗೆ ಮಾಡು ಹಾಕಲು ಜಾಗ ಬೇಕೆಂದು ಜೆಸಿಬಿ ತರಿಸಿ ಮನೆಯ ಹಿಂದಿನ ಧರೆಯನ್ನು, ಅಂದರೆ ಮಣ್ಣಿನ ದಿಬ್ಬವನ್ನು, ಗೋಡೆಯಂತೆ ನೆಟ್ಟಗೆ ಕಡಿಸಿದ ಮೇಲೆ. ಅಜ್ಜ ಬಿಟ್ಟುಹೋಗಿದ್ದ ಇಳಿಜಾರನ್ನು ಕೆಡಿಸಿದವನು ನಾನೇ.

ಕಳೆದ ವರ್ಷ ಪುಷ್ಯ ಮಳೆ ಹಿಡಿದು ವಾರವಾಗುವಾಗ ರೆಡ್ ಅಲರ್ಟ್ ಬಂತು. ಅಂದರೆ 24 ಗಂಟೆಯಲ್ಲಿ 204.5 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಮಳೆಯ ಸಂಭವ. ಅಕ್ಕಿ, ಹುರುಳಿ, ಹಲಸಿನ ಹಪ್ಪಳ, ಅಪ್ಪೆಮಿಡಿ ಮಳೆಗಾಲದ ಮನೆಯಲ್ಲಿ ಹೇಗೂ ಇರುತ್ತವೆ. ನಾನು ಗುದ್ದಲಿ ಹಿಡಿದು ಧರೆಯ ನೆತ್ತಿಗೆ ಹತ್ತಿದೆ. ಅಲ್ಲಿನ ಅಗಳಿನಲ್ಲಿ, ಅಂದರೆ ನೀರು ಹೋಗುವ ತೋಡಿನಲ್ಲಿ, ಒಣ ಎಲೆಯ ದರಕು ತುಂಬಿ ನೀರು ನಿಂತಿತ್ತು. ಹಾಗೆ ನಿಂತ ನೀರು ಮಣ್ಣಿಗೇ ಇಳಿಯುತ್ತದೆ. ಮಣ್ಣಿನ ತೂಕ ಏರುತ್ತದೆ, ಹಿಡಿತ ಸಡಿಲವಾಗುತ್ತದೆ. ಅಗಳು ಬಿಡಿಸಿ ನೀರನ್ನು ತೋಟದ ಬಸಿಗಾಲುವೆಗೆ ತಿರುಗಿಸಿದೆ. ನೆಲದಲ್ಲಿ ಬೆರಳು ಹೋಗುವಷ್ಟು ಅಗಲದ ಬಿರುಕೊಂದು ಕಂಡಿತು, ನಾಲ್ಕು ಮಾರು ಉದ್ದ. ಅದರ ಮೇಲೆ ಟಾರ್ಪಾಲು ಹೊದಿಸಿ ಅಂಚಿಗೆ ಕಲ್ಲಿಟ್ಟೆ.

ಬಿರುಕು ಕಂಡ ಮೇಲೂ ಮನೆಯಲ್ಲಿ ಉಳಿದದ್ದಕ್ಕೆ ಒಂದು ಲೆಕ್ಕವಿತ್ತು. ಧರೆಯ ಎತ್ತರ ಹನ್ನೆರಡು ಅಡಿ, ಜಗಲಿ ಅಲ್ಲಿಂದ ನಲವತ್ತು ಅಡಿ ಆಚೆ. ಅಷ್ಟು ಅಂತರ ಇಲ್ಲದಿದ್ದರೆ ಬೆಳಕಿರುವಾಗಲೇ ಚಿಕ್ಕಪ್ಪನ ಮನೆ ಸೇರುತ್ತಿದ್ದೆವು.

ಅಮ್ಮ ಮಲಗುವುದು ಹಿಂದಿನ ಕೋಣೆಯಲ್ಲಿ. ಜಗಲಿಗೆ ಬಾ ಎಂದರೆ, "ನಲವತ್ತು ಮಳೆಗಾಲ ಇಲ್ಲೇ ಕಳೆದಿದ್ದೇನೆ, ಧರೆ ಯಾವತ್ತಾದರೂ ಬಂದಿತ್ತೇ?" ಎಂದಳು.

"ಆಗ ಅದನ್ನು ನಾನು ಕಡಿಸಿರಲಿಲ್ಲ" ಎಂದೆ.

ಮಾತಾಡದೆ ಹಾಸಿಗೆ ಸುತ್ತಿಕೊಂಡು ಬಂದಳು.

ಸಂಜೆಯೇ ಕರೆಂಟು ಹೋಯಿತು. ನಡುರಾತ್ರಿಯ ಹೊತ್ತಿಗೆ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿದಿರಬೇಕು, ಸಿಗ್ನಲ್ ಇಲ್ಲ. ಗೋಡೆಯ ಮೇಲೆ ಬರೆದಿಟ್ಟ ಜಿಲ್ಲಾ ವಿಪತ್ತು ಸಹಾಯವಾಣಿಯ 1077 ಗೋಡೆಯ ಮೇಲೇ ಉಳಿಯಿತು. ಕಾಯುವುದೆಂದರೆ ಕೂರುವುದಲ್ಲ ಎಂದು ಗೊತ್ತಾದದ್ದು ಆ ರಾತ್ರಿ. ಧರೆಯ ಬುಡದಲ್ಲಿ ಜಲ ಏಳುವುದು ನಮ್ಮಲ್ಲಿ ಮಾಮೂಲು. ನೀರು ತಿಳಿಯಾಗಿರುವವರೆಗೆ ಚಿಂತೆ ಕಡಿಮೆ. ಕೆಂಪಾದರೆ ಒಳಗಿನ ಮಣ್ಣು ಹೊರಟಿದೆ ಎಂದರ್ಥ. ಆ ನೀರು ಚರಂಡಿಯಲ್ಲಿ ಹರಿದು ಜಗಲಿಯ ಪಕ್ಕಕ್ಕೇ ಬರುವುದರಿಂದ ಧರೆಯ ಹತ್ತಿರ ಹೋಗಬೇಕಿರಲಿಲ್ಲ. ಎರಡು ಗಂಟೆಗೊಮ್ಮೆ ಕಂಬಳಿಕೊಪ್ಪೆ ಹೊದ್ದು, ಸ್ಟೀಲ್ ಲೋಟದಲ್ಲಿ ಹಿಡಿದು ಟಾರ್ಚ್ ಬಿಟ್ಟು ನೋಡಿದೆ. ಲೋಟದ ತಳ ಬೆಳಗಿನವರೆಗೂ ಕಾಣುತ್ತಿತ್ತು.

ಹವಾಮಾನ ಇಲಾಖೆಯ ಮಳೆಲೆಕ್ಕದ ದಿನ ಮುಗಿಯುವುದು ಬೆಳಿಗ್ಗೆ ಎಂಟೂವರೆಗೆ. ನಾನೂ ಆಗಲೇ ಅಂಗಳದಲ್ಲಿಟ್ಟ ನೆಟ್ಟನೆಯ ಡಬ್ಬಕ್ಕೆ ಅಳತೆಪಟ್ಟಿ ಇಳಿಸಿದೆ: 186 ಮಿಲಿಮೀಟರ್. "ರೆಡ್ ಆಗಲೇ ಇಲ್ಲವಲ್ಲ!" ಎಂದು ಅಮ್ಮ ಹಾಸಿಗೆ ಎತ್ತಿದಳು. ವಾರದಿಂದ ನೆನೆದ ಮಣ್ಣು ಆ ಅಂಕಿಗೆ ಕಾಯುವುದಿಲ್ಲ ಎಂದು ಮತ್ತೆ ಇಳಿಸಿದೆ.

ಮರುದಿನ ಯೆಲ್ಲೋ ಅಲರ್ಟ್, ಹೂಬಿಸಿಲು. ಮಧ್ಯಾಹ್ನ ಕೈ ತೊಳೆಯಲು ಹೊರಬಂದವನು ಚರಂಡಿ ನೋಡಿದರೆ ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಹಿಂಬಾಗಿಲಿಗೆ ಅಗಳಿ ಹಾಕಿ, ಅಡುಗೆಯನ್ನೂ ಜಗಲಿಯ ಗ್ಯಾಸಿಗೆ ತಂದು, ಆ ಸಂಜೆ ಇಬ್ಬರೂ ಚಿಕ್ಕಪ್ಪನ ಮನೆಗೆ ಹೋದೆವು. ಬೆಳಿಗ್ಗೆ ಬಂದು ನೋಡಿದರೆ ಧರೆ ಒಲೆಯ ಮಾಡನ್ನು ಮಲಗಿಸಿ, ಬಚ್ಚಲ ಗೋಡೆಗೆ ಒಂದು ಮೊಳ ಇರುವಾಗ ನಿಂತಿತ್ತು.

ಬಿದ್ದ ಮಣ್ಣನ್ನು ದೀಪಾವಳಿಯವರೆಗೆ ಮುಟ್ಟಿಸಲಿಲ್ಲ; ಬುಡ ಬಿಡಿಸಿದರೆ ಮೇಲಿನದೂ ಇಳಿಯುತ್ತದೆ. ಅದರಡಿ ವರ್ಷದ ಸೌದೆಯಿತ್ತು. ಒದ್ದೆ ಕಟ್ಟಿಗೆ ಊದಿ ಹಂಡೆ ಕಾಯಿಸುವಾಗಲೆಲ್ಲ ಅಮ್ಮ ಧರೆಯ ಹೆಸರು ಹೇಳುವುದಿಲ್ಲ, ನನ್ನ ಹೆಸರನ್ನೇ ಹೇಳುತ್ತಾಳೆ.