ಹಳೇ ಬಿಲ್ ಕಾಣುತ್ತೆ, ಹೊಸದು ಸೇವ್ ಆಗಲ್ಲ: ಪೋಸ್ಟ್‌ಗ್ರೆಸ್ ಅಪ್‌ಗ್ರೇಡ್ ಆದಮೇಲಿನ ಪರ್ಮಿಷನ್ ಕಾಟ

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಫೋನ್. ಬೀಜ-ಗೊಬ್ಬರದ ಅಂಗಡಿ, ಮುಂಗಾರು ಬಿತ್ತನೆ ಹೊತ್ತು, ಕೌಂಟರ್ ಮುಂದೆ ರೈತರ ಸಾಲು. "ಸರ್, ಹಳೇ ಬಿಲ್ ಎಲ್ಲಾ ಕಾಣ್ತಾವು, ಹೊಸಾದು ಸೇವ್ ಆಗವಲ್ದು." ಹಿಂದಿನ ರಾತ್ರಿ ಆ ಸರ್ವರನ್ನು ಉಬುಂಟು 22.04ರಿಂದ 24.04ಕ್ಕೆ, ಜೊತೆಗೆ ಬಿಲ್ಲುಗಳೆಲ್ಲ ಇರುವ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್ಸನ್ನು 14ರಿಂದ 16ಕ್ಕೆ ಏರಿಸಿ ನೆಮ್ಮದಿಯಾಗಿ ಮಲಗಿದ್ದವನು ನಾನೇ.

ನಿಮಗೂ ಹೀಗಾದರೆ ಮೊದಲು ಆ್ಯಪ್ ತೋರಿಸುವ ಸಂದೇಶವನ್ನು ಮರೆತುಬಿಡಿ. ವಾರ್, ಲಾಗ್, ಪೋಸ್ಟ್‌ಗ್ರೆಸ್‌ಕ್ಯೂಎಲ್ ಫೋಲ್ಡರಿನಲ್ಲಿರುವ ಲಾಗ್ ಫೈಲಿನ ಕೊನೆ ತೆಗೆದು ನೋಡಿ. (ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷಿನಲ್ಲೇ.) ನನಗೆ ಸಿಕ್ಕಿದ್ದು: "ಪರ್ಮಿಷನ್ ಡಿನೈಡ್ ಫಾರ್ ಸೀಕ್ವೆನ್ಸ್". ರಾತ್ರಿ "ಫಾರ್ ಟೇಬಲ್" ಅಂತ ಬಂದಿತ್ತು. ಎಲ್ಲ ಟೇಬಲ್‌ಗಳಿಗೂ ಗ್ರ್ಯಾಂಟ್ (ಬಳಸುವ ಅನುಮತಿ) ಕೊಟ್ಟು, ಹಳೇ ಬಿಲ್ ಒಂದನ್ನು ತೆರೆದು ನೋಡಿ, ಮುಗೀತು ಅಂದುಕೊಂಡಿದ್ದೆ. ಸೀರಿಯಲ್ ಕಾಲಂ (ತಾನೇ ನಂಬರ್ ಹಾಕಿಕೊಳ್ಳುವ ಕಾಲಂ) ಇದ್ದರೆ ಬಿಲ್ಲಿನ ನಂಬರ್ ಬರುವುದು ಸೀಕ್ವೆನ್ಸಿನಿಂದ, ಅಂದರೆ ಮುಂದಿನ ನಂಬರ್ ಕೊಡುವ ಎಣಿಕೆಯಿಂದ; ಅದಕ್ಕೆ ಪರ್ಮಿಷನ್ ಬೇರೆಯೇ ಕೊಡಬೇಕು. ಓದಲು ಅದು ಬೇಡ, ಬರೆಯಲು ಬೇಕು. ಹಾಗಾಗಿ ಟೆಸ್ಟ್ ಮಾಡುವಾಗ ಒಂದು ಸುಳ್ಳು ಬಿಲ್ಲನ್ನಾದರೂ ಸೇವ್ ಮಾಡಿ ನೋಡಿ.

ಸಾಲು ಕರಗಿಸಲು ಫೋನಿನಲ್ಲೇ ಹೇಳಿ ಓಡಿಸಿದ್ದು ಇದು: "ಗ್ರ್ಯಾಂಟ್ ಯೂಸೇಜ್, ಸೆಲೆಕ್ಟ್ ಆನ್ ಆಲ್ ಸೀಕ್ವೆನ್ಸಸ್ ಇನ್ ಸ್ಕೀಮಾ ಪಬ್ಲಿಕ್ ಟು ಅಂಗಡಿ". ಅಂಗಡಿ ಅನ್ನುವುದು ಆ್ಯಪಿನ ರೋಲ್, ಅಂದರೆ ಅದು ಡೇಟಾಬೇಸಿಗೆ ಲಾಗಿನ್ ಆಗುವ ಯೂಸರ್ ಹೆಸರು. ರೀಸ್ಟಾರ್ಟ್ ಬೇಕಿಲ್ಲ, ತಕ್ಷಣ ಹಿಡಿಯುತ್ತದೆ. ಆ ಗಡಿಬಿಡಿಯಲ್ಲಿ ರೋಲನ್ನೇ ಸೂಪರ್‌ಯೂಸರ್ (ಎಲ್ಲ ಹಕ್ಕೂ ಇರುವ ಯೂಸರ್) ಮಾಡಿಬಿಡೋಣ ಅನ್ನಿಸುತ್ತದೆ. ಬೇಡ. ಕೀಲಿ ಕಳೆಯಿತು ಅಂತ ಬಾಗಿಲನ್ನೇ ಕಿತ್ತಿಟ್ಟ ಹಾಗೆ.

ಮಧ್ಯಾಹ್ನ ಮೂರನೇ ಪೆಟ್ಟು. ಆ್ಯಪ್ ಹೊಸ ಟೇಬಲ್ ಮಾಡಲು ಹೋಗಿ "ಪರ್ಮಿಷನ್ ಡಿನೈಡ್ ಫಾರ್ ಸ್ಕೀಮಾ ಪಬ್ಲಿಕ್" ಅಂತ ನಿಂತಿತು. ಇದು ಪೋಸ್ಟ್‌ಗ್ರೆಸ್ 15ರಲ್ಲಿ, ಅಂದರೆ 2022ರಲ್ಲಿ ಬಂದ ಬದಲಾವಣೆ. ಅಲ್ಲಿಯವರೆಗೆ ಪಬ್ಲಿಕ್ ಸ್ಕೀಮಾದಲ್ಲಿ (ಟೇಬಲ್‌ಗಳನ್ನಿಡುವ ಮಾಮೂಲಿ ಫೋಲ್ಡರ್ ಇದ್ದಹಾಗೆ) ಯಾರು ಬೇಕಾದರೂ ಟೇಬಲ್ ಮಾಡಬಹುದಿತ್ತು. ಈಗ ಹೊಸದಾಗಿ ಮಾಡಿದ ಡೇಟಾಬೇಸಿನಲ್ಲಿ ಆ ಹಕ್ಕು ಡೇಟಾಬೇಸ್ ಓನರ್‌ಗೆ ಮಾತ್ರ.

ಎಲ್ಲದರ ಬೇರು ಒಂದೇ, ಮತ್ತು ಅದು ನನ್ನ ಸೋಮಾರಿತನ. ಡೇಟಾ ಸಾಗಿಸಲು ನಾನು ಬಳಸಿದ ಪಿಜಿ ಡಂಪ್ (ಬ್ಯಾಕಪ್ ಕಮಾಂಡ್) ಒಂದು ಡೇಟಾಬೇಸಿನದ್ದಷ್ಟನ್ನೇ ತರುತ್ತದೆ; ರೋಲ್‌ಗಳು ಇಡೀ ಕ್ಲಸ್ಟರಿಗೆ (ಒಂದು ಪೋಸ್ಟ್‌ಗ್ರೆಸ್ಸಿನಡಿ ಇರುವ ಎಲ್ಲ ಡೇಟಾಬೇಸ್‌ಗಳ ಗುಂಪಿಗೆ) ಸೇರಿದವು, ಡಂಪಿನಲ್ಲಿ ಬರುವುದಿಲ್ಲ. ರೀಸ್ಟೋರ್ ಮಾಡುವಾಗ "ರೋಲ್ ಡಸ್ ನಾಟ್ ಎಕ್ಸಿಸ್ಟ್" ಅಂತ ಸಾಲುಸಾಲು ಎರರ್ ಬಂದಾಗ, "ನೋ ಓನರ್" ಅನ್ನೋ ಆಯ್ಕೆ ಹಾಕಿ ಬಾಯಿ ಮುಚ್ಚಿಸಿದ್ದೆ. ಟೇಬಲ್‌ಗಳೆಲ್ಲ ಪೋಸ್ಟ್‌ಗ್ರೆಸ್ ಯೂಸರ್ ಹೆಸರಿಗೆ ಖಾತೆಯಾದವು. ನಿಮ್ಮದೂ ಹೀಗೇನಾ ಅಂತ ನೋಡಲು ಪಿಎಸ್‌ಕ್ಯೂಎಲ್‌ನಲ್ಲಿ (ಪೋಸ್ಟ್‌ಗ್ರೆಸ್ಸಿಗೆ ಕಮಾಂಡ್ ಕೊಡುವ ಪ್ರೋಗ್ರಾಂ) ಬ್ಯಾಕ್‌ಸ್ಲ್ಯಾಷ್ ಡಿಟಿ ಹೊಡೆದು ಕೊನೆಯ ಕಾಲಂ, ಅಂದರೆ ಓನರ್ ಹೆಸರು ನೋಡಿ. ಬ್ಯಾಕ್‌ಸ್ಲ್ಯಾಷ್ ಡಿಪಿಯಲ್ಲಿ ಆಕ್ಸೆಸ್ ಕಾಲಂ ಖಾಲಿ ಇದ್ದರೆ, ಓನರ್ ಒಬ್ಬನಿಗೇ ಹಕ್ಕು ಅಂತ ಅರ್ಥ.

ಹಾಗಾಗಿ ಒಂದೊಂದೇ ಗ್ರ್ಯಾಂಟ್ ತೇಪೆ ಹಚ್ಚುವುದು ಬಿಟ್ಟು, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಓನರ್ ಸರಿಮಾಡಿದೆ. ಎಲ್ಲದರ ಓನರ್ ಒಟ್ಟಿಗೇ ಬದಲಿಸುವ "ರೀಅಸೈನ್ ಓನ್ಡ್ ಬೈ ಪೋಸ್ಟ್‌ಗ್ರೆಸ್" ಇಲ್ಲಿ ನಡೆಯುವುದಿಲ್ಲ, ಸಿಸ್ಟಮ್ಮಿಗೆ ಬೇಕಾದ ವಸ್ತುಗಳೂ ಆ ಹೆಸರಿನಲ್ಲಿವೆ ಅಂತ ನಿರಾಕರಿಸುತ್ತದೆ. ಈಗ ಓಡುತ್ತಿರುವ ಡೇಟಾಬೇಸಿನದೇ ಹೊಸ ಡಂಪ್ ತೆಗೆಯಿರಿ; ನಿನ್ನೆಯ ಡಂಪ್ ಹಾಕಿದರೆ ಇವತ್ತಿನ ಬಿಲ್ಲುಗಳು ಹೋದವು. ಆಮೇಲೆ ಹೊಸ ಡೇಟಾಬೇಸ್ ಒಂದನ್ನು "ಓನರ್ ಅಂಗಡಿ" ಅಂತ ಸೇರಿಸಿಯೇ ಕ್ರಿಯೇಟ್ ಮಾಡಿ, ಪಿಜಿ ರೀಸ್ಟೋರಿಗೆ "ನೋ ಓನರ್" ಜೊತೆ "ರೋಲ್ ಅಂಗಡಿ" ಕೊಡಿ. ಟೇಬಲ್, ಸೀಕ್ವೆನ್ಸ್, ಸ್ಕೀಮಾ ಮೂರರ ತಕರಾರೂ ಒಟ್ಟಿಗೇ ತೀರಿತು.

"ಪಾಸ್‌ವರ್ಡ್ ಆಥೆಂಟಿಕೇಷನ್ ಫೇಲ್ಡ್" ಅಥವಾ "ನೋ ಪಿಜಿ ಎಚ್‌ಬಿಎ ಎಂಟ್ರಿ" ಬಂದರೆ ಗ್ರ್ಯಾಂಟಿಗೆ ಕೈ ಹಾಕಬೇಡಿ, ನೀವಿನ್ನೂ ಗೇಟಿನ ಹೊರಗೇ ಇದ್ದೀರಿ. ಮೊದಲು ಪಿಜಿ ಎಲ್‌ಎಸ್ ಕ್ಲಸ್ಟರ್ಸ್ ಓಡಿಸಿ, ಯಾವ ಕ್ಲಸ್ಟರ್ ಯಾವ ಪೋರ್ಟಿನಲ್ಲಿದೆ ಅಂತ ನೋಡಿ. ಉಬುಂಟುವಿನಲ್ಲಿ ಹಳೇ 14 ಪೋರ್ಟ್ 5432ರಲ್ಲೇ ಕೂತು, ಹೊಸ 16 ಸದ್ದಿಲ್ಲದೆ 5433ರಲ್ಲಿ ಎದ್ದಿರುತ್ತದೆ.

ಈಗ ನಾನು ಕೈಯಾರೆ ರೀಸ್ಟೋರ್ ಮಾಡುವುದೇ ಇಲ್ಲ. ಓಎಸ್ ಅಪ್‌ಗ್ರೇಡ್ ಆದ ಕೂಡಲೇ, ಇನ್ನೂ ಖಾಲಿ ಇರುವ ಹೊಸ ಕ್ಲಸ್ಟರನ್ನು "ಪಿಜಿ ಡ್ರಾಪ್ ಕ್ಲಸ್ಟರ್ 16 ಮೇನ್ ಸ್ಟಾಪ್" ಅಂತ ತೆಗೆದು, "ಪಿಜಿ ಅಪ್‌ಗ್ರೇಡ್ ಕ್ಲಸ್ಟರ್ 14 ಮೇನ್" ಓಡಿಸುತ್ತೇನೆ. ರೋಲ್, ಓನರ್, ಗ್ರ್ಯಾಂಟ್, ಪೋರ್ಟ್ ಎಲ್ಲಾ ಅದೇ ಸಾಗಿಸುತ್ತದೆ. ಒಂದು ವಾರ ಕಳೆದ ಮೇಲೆ ಹಳೆಯದನ್ನು ಅದೇ ಡ್ರಾಪ್ ಕಮಾಂಡಿನಿಂದಲೇ ಅಳಿಸುವುದು, ಆಗ 16ರ ಜಾಗದಲ್ಲಿ 14. ಆ ಅಂಕಿಯನ್ನು ಬಾಯಿಬಿಟ್ಟು ಎರಡು ಸಲ ಓದಿದ ಮೇಲೇ ಎಂಟರ್ ಒತ್ತುತ್ತೇನೆ. ಮನೆಯವರು ನಕ್ಕರೂ ಪರವಾಗಿಲ್ಲ.